ಕಾಗದಕ್ಕೊಂದು ನಂಬರ್, ಅಜ್ಜಿಗೊಂದು ನಂಬರ್

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ಬೋರಿಂಗ್ ಅನ್ನಿಸಬಹುದು. ಹಳೇ ಕಾಗದಗಳನ್ನ ಹೇಗೆ ಜೋಡಿಸಿಡೋದು, ಅವಕ್ಕೆ ಹೇಗೆ ನಂಬರ್ ಹಾಕೋದು. ಅಷ್ಟೇ. ಆದ್ರೆ ಮನೆತನದ ಚರಿತ್ರೆ ಹುಡುಕೋಕೆ ಹೊರಟವರಲ್ಲಿ ಹೆಚ್ಚಿನವರು ಸೋತು ಕೈಬಿಡೋದು ಮಾಹಿತಿ ಸಿಗದೆ ಅಲ್ಲ. ಸಿಕ್ಕಿದ್ದನ್ನ ಎಲ್ಲಿಟ್ವಿ ಅಂತ ಗೊತ್ತಾಗದೆ.

ನಿಮ್ಮ ಊರಿನ ಮನೆಯಲ್ಲೂ ಒಂದು ಟ್ರಂಕ್ ಇರುತ್ತೆ. ಇಲ್ಲಾಂದ್ರೆ ಬೀರುವಿನ ಒಳಗಿನ ಖಾನೆ, ಇಲ್ಲಾ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಗಂಟು. ಬಿಚ್ಚಿದ್ರೆ ಏನೇನಿರುತ್ತೆ? ಕೈಬರಹದ ಪಹಣಿ, ಕಂದಾಯ ಕಟ್ಟಿದ ರಸೀದಿ, ಛಾಪಾ ಕಾಗದದ ಮೇಲೆ ಬರೆದ ಕ್ರಯಪತ್ರ, ಯಾರದ್ದೋ ಶಾಲೆಯ ಟಿ.ಸಿ., ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಜಾತಕ, ರೇಷನ್ ಕಾರ್ಡು, ಸೊಸೈಟಿ ಸಾಲದ ಪುಸ್ತಕ, ನೀಲಿ ಇನ್‌ಲ್ಯಾಂಡ್ ಲೆಟರ್, ಹಿಂದೆ ಏನೂ ಬರೆಯದ ನಾಲ್ಕು ಫೋಟೋ. ಜೊತೆಗೆ ಮದುವೆಯ ಮುಯ್ಯಿ ಪುಸ್ತಕ. ಯಾರು ಎಷ್ಟು ರೂಪಾಯಿ ಕೊಟ್ಟರು, ಯಾರು ಯಾವ ಪಾತ್ರೆ ಕೊಟ್ಟರು ಅಂತ ಬರೆದಿಡೋ ಪುಸ್ತಕ. ನನ್ನ ಪ್ರಕಾರ ಇಡೀ ಟ್ರಂಕಿನಲ್ಲಿ ಅತಿ ಬೆಲೆಬಾಳೋದು ಅದೇ. ಯಾಕಂದ್ರೆ ನಿಮ್ಮ ಮನೆಗೆ ಯಾರು ಬೇಕಾದವರು, ಅವರು ಯಾವ ಊರಿನವರು ಅನ್ನೋ ಪಟ್ಟಿ ಆ ಕಾಲದಲ್ಲೇ, ಆವತ್ತೇ ಬರೆದದ್ದು ಇನ್ನೆಲ್ಲೂ ಸಿಗಲ್ಲ.

ಸರಿ, ಇದನ್ನೆಲ್ಲ ಜೋಡಿಸಬೇಕು. ಎಲ್ಲರಿಗೂ ಮೊದಲು ಹೊಳೆಯೋ ದಾರಿ ಒಂದೇ: ತಾತನದ್ದು ಒಂದು ಫೈಲು, ಅಜ್ಜಿಯದ್ದು ಒಂದು ಫೈಲು, ಮುತ್ತಾತನದ್ದು ಒಂದು. ನೋಡೋಕೆ ಚೆನ್ನಾಗಿರುತ್ತೆ. ಒಂದು ವಾರ.

ಆಮೇಲೆ ಒಂದು ಪಾಲುಪಟ್ಟಿ ಕೈಗೆ ಬರುತ್ತೆ. ಅದ್ರಲ್ಲಿ ಮುತ್ತಾತನ ಹೆಸರಿದೆ, ಅವರ ಮೂರು ಜನ ಗಂಡುಮಕ್ಕಳ ಹೆಸರಿದೆ, ತೀರಿಕೊಂಡಿದ್ದ ಇನ್ನೊಬ್ಬ ಮಗನ ಹೆಂಡತಿಯ ಹೆಬ್ಬೆಟ್ಟಿದೆ, ಕೊನೆಗೆ ಸಾಕ್ಷಿ ಹಾಕಿದವರು, ಪತ್ರ ಬರೆದ ಬಿಕ್ಕಲಂ. ಇದನ್ನ ಯಾರ ಫೈಲಿಗೆ ಹಾಕ್ತೀರಾ? ಐದು ಜೆರಾಕ್ಸ್ ಮಾಡಿಸಿ ಐದು ಫೈಲಿಗೆ ಹಾಕಿದ್ರೆ, ಮುಂದೆ ಅದರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಟಿಪ್ಪಣಿ ಬರೆದಾಗ ಐದರಲ್ಲೂ ಬರೀಬೇಕು. ಯಾರೂ ಬರೆಯಲ್ಲ.

ಹೆಸರಿನ ಕಥೆ ಇನ್ನೂ ಕಷ್ಟ. ತಾತನ ಹೆಸರನ್ನ ಮೊಮ್ಮಗನಿಗಿಡೋ ಪದ್ಧತಿ ನಮ್ಮಲ್ಲಿ. ರಂಗಯ್ಯ ಬಿನ್ ತಿಮ್ಮಯ್ಯ, ಅವರ ಮಗ ತಿಮ್ಮಯ್ಯ ಬಿನ್ ರಂಗಯ್ಯ, ಅವರ ಮಗ ಮತ್ತೆ ರಂಗಯ್ಯ ಬಿನ್ ತಿಮ್ಮಯ್ಯ. ಕಾಗದದಲ್ಲಿ ಇಸವಿ ಹರಿದು ಹೋಗಿದ್ರೆ ಯಾವ ರಂಗಯ್ಯ ಇವರು? ಫೈಲಿನ ಮೇಲೆ 'ರಂಗಯ್ಯ' ಅಂತ ಬರೆದಿಟ್ಟವರು ಎರಡು ತಲೆಮಾರನ್ನ ಒಬ್ಬರೇ ಮಾಡಿಬಿಟ್ಟಿರ್ತಾರೆ. ಹೆಣ್ಣುಮಕ್ಕಳದ್ದು ಇದಕ್ಕೆ ಉಲ್ಟಾ. ಕೆಲವು ಕಡೆ ಮದುವೆಯಲ್ಲಿ ಹೆಸರೇ ಬದಲಾಗುತ್ತೆ, ಒಬ್ಬರೇ ಇಬ್ಬರಾಗ್ತಾರೆ.

ಹಾಗಾಗಿ ನಾನು ಪಾಲಿಸೋ ನಿಯಮ ಇದು: ಕಾಗದಕ್ಕೆ ಒಂದು ನಂಬರ್, ಮನುಷ್ಯರಿಗೆ ಬೇರೆ ನಂಬರ್. ಎರಡನ್ನೂ ಸೇರಿಸೋದು ಒಂದು ನೋಟ್‌ಬುಕ್.

ಕಾಗದದ ನಂಬರ್

ಇದು ನಾನು ಕಂಡುಹಿಡಿದದ್ದಲ್ಲ. ಲೈಬ್ರರಿಗೆ ಹೊಸ ಪುಸ್ತಕ ಬಂದಾಗ ಮೊದಲು ಒಂದು ರಿಜಿಸ್ಟರ್‌ನಲ್ಲಿ ಬರೆದು ನಂಬರ್ ಒತ್ತುತ್ತಾರಲ್ಲ, ಅದೇ ಕ್ರಮ. ವಸ್ತು ಯಾವ ವಿಷಯಕ್ಕೆ ಸೇರಿದ್ದು ಅನ್ನೋದು ಆಮೇಲಿನ ಮಾತು. ಮೊದಲು, ಬಂದ ಸಾಲಿನಲ್ಲಿ ಒಂದು ನಂಬರ್.

ಮೊದಲ ಕಾಗದ 0001. ಎರಡನೇದು 0002. ಅದು 1910ರ ಕ್ರಯಪತ್ರ ಆಗಿರಲಿ, 1994ರ ಕರೆಂಟ್ ಬಿಲ್ ಆಗಿರಲಿ, ಕೈಗೆ ಬಂದ ಕ್ರಮದಲ್ಲೇ ನಂಬರ್. ಇಸವಿ ಪ್ರಕಾರ ಜೋಡಿಸಿ ಆಮೇಲೆ ನಂಬರ್ ಹಾಕ್ತೀನಿ ಅಂದ್ರೆ, ಮುಂದಿನ ತಿಂಗಳು ದೊಡ್ಡಪ್ಪನ ಮನೆಯಲ್ಲಿ ಇನ್ನೊಂದು ಕಟ್ಟು ಸಿಕ್ಕಿದಾಗ ಎಲ್ಲ ಅಳಿಸಿ ಮತ್ತೆ ಬರೀಬೇಕು. ಬಂದ ಕ್ರಮ ಆದ್ರೆ ಆ ತೊಂದರೆಯೇ ಇಲ್ಲ, ಹೊಸದು ಯಾವಾಗಲೂ ಕೊನೆಗೆ ಸೇರುತ್ತೆ. ಒಮ್ಮೆ ಕೊಟ್ಟ ನಂಬರ್ ಬದಲಾಗಬಾರದು. ಆ ಕಾಗದ ಕಳೆದುಹೋದರೂ ಅದರ ನಂಬರ್ ಇನ್ನೊಂದಕ್ಕೆ ಕೊಡಬಾರದು.

ನಾಲ್ಕು ಅಂಕಿ ಯಾಕೆ ಅಂದ್ರೆ ಫೋನಿಗಾಗಿ. ಫೈಲ್ ಹೆಸರು 1, 2, 10 ಅಂತಿದ್ರೆ ಎಷ್ಟೋ ಆಪ್‌ಗಳು 1 ಆದ್ಮೇಲೆ 10 ತೋರಿಸಿ ಆಮೇಲೆ 2 ತೋರಿಸ್ತವೆ. ಮುಂದೆ ಸೊನ್ನೆ ಇದ್ರೆ ಸಾಲು ಸರಿಯಾಗಿರುತ್ತೆ. ಕಾಗದ 0017 ಆದ್ರೆ ಅದರ ಮುಂಭಾಗದ ಫೋಟೋ 0017-1, ಹಿಂಭಾಗ 0017-2. ಹಿಂಭಾಗದ ಫೋಟೋ ತೆಗೆಯೋದನ್ನ ಮರೀಬೇಡಿ. ನೋಂದಣಿ ಕಚೇರಿಯ ಮೊಹರು, ಛಾಪಾ ಕಾಗದ ಯಾರ ಹೆಸರಲ್ಲಿ ಕೊಂಡದ್ದು ಅನ್ನೋ ಬರಹ, ಎಷ್ಟೋ ಸಲ ಹಿಂದೆಯೇ ಇರುತ್ತೆ.

ನಂಬರ್ ಬರೆಯೋದು ಮೆತ್ತನೆಯ ಪೆನ್ಸಿಲ್‌ನಲ್ಲಿ, ಹಿಂಭಾಗದ ಕೆಳಗಿನ ಮೂಲೆಯಲ್ಲಿ, ಚಿಕ್ಕದಾಗಿ. ಪೆನ್ನು ಬೇಡ, ಸ್ಟಿಕ್ಕರ್ ಬೇಡ. ಫೋಟೋ ಆದ್ರೆ ಗಟ್ಟಿಯಾಗಿ ಒತ್ತಿ ಬರೆಯಬೇಡಿ, ಮುಂದೆ ಅಚ್ಚು ಮೂಡುತ್ತೆ. ಫೋಟೋ ಹಿಂಭಾಗ ನುಣುಪಾಗಿದ್ದು ಪೆನ್ಸಿಲ್ ಹಿಡಿಯದಿದ್ರೆ ಕವರ್ ಮೇಲೆ ಬರೆದು ಫೋಟೋನ ಒಳಗಿಡಿ.

ಇಷ್ಟಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ. ಟ್ರಂಕ್ ತೆರೆದ ತಕ್ಷಣ, ಒಂದು ಕಾಗದವನ್ನೂ ಮುಟ್ಟದೆ, ಹಾಗೇ ಒಂದು ಫೋಟೋ. ಒಂದೊಂದು ಕಟ್ಟು ಎತ್ತಿದಾಗಲೂ ಒಂದು ಫೋಟೋ. ಯಾವ ಕಾಗದ ಯಾವುದರ ಒಳಗೆ ಮಡಿಚಿಟ್ಟಿತ್ತು ಅನ್ನೋದನ್ನ ಬರೆದುಕೊಳ್ಳಿ. ಪತ್ರಾಗಾರಗಳಲ್ಲಿ ಇದು ಹಳೇ ನಿಯಮ. ಒಂದು ಮೂಲದಿಂದ ಬಂದ ಕಾಗದಗಳನ್ನ ಇನ್ನೊಂದರ ಜೊತೆ ಬೆರೆಸಬಾರದು ಅಂತ ಫ್ರಾನ್ಸ್‌ನಲ್ಲಿ 1841ರಲ್ಲೇ ಸರ್ಕಾರಿ ಸುತ್ತೋಲೆ ಹೊರಡಿಸಿದ್ರು. ಬರೆದವರು, ಇಟ್ಟವರು ಹೇಗಿಟ್ಟಿದ್ದರೋ ಆ ಕ್ರಮವನ್ನೂ ಕೆಡಿಸಬಾರದು ಅನ್ನೋದು ಆಮೇಲೆ ಬಂದ ನಿಯಮ.

ಇದ್ಯಾಕೆ ಅಷ್ಟು ಮುಖ್ಯ ಅಂತ ನಮ್ಮ ಮನೆಯದ್ದೇ ಒಂದು ಉದಾಹರಣೆ ಕೊಡ್ತೀನಿ.

ನಮ್ಮ ತಾತ ಇಟ್ಟಿದ್ದ ಗಂಟಿನಲ್ಲಿ 1957ರ ಒಂದು ಪಾಲುಪಟ್ಟಿ ಇತ್ತು. ಅದು 0017. ಅದರ ಮಡಿಕೆಯ ಒಳಗೆ ನೂಲು ಕಟ್ಟಿದ್ದ ಹನ್ನೊಂದು ಚಿಕ್ಕ ಚೀಟಿಗಳಿದ್ದವು. ಮನಿ ಆರ್ಡರ್ ಚೀಟಿಗಳು. ನಿಮ್ಮಲ್ಲಿ ಕೆಲವರು ನೋಡಿರಲಿಕ್ಕಿಲ್ಲ: ಆಗ ಅಂಚೆಯಲ್ಲಿ ದುಡ್ಡು ಕಳಿಸಿದ್ರೆ, ತಲುಪಿದವರ ಸಹಿಯೋ ಹೆಬ್ಬೆಟ್ಟೋ ಹಾಕಿಸಿದ ಸ್ವೀಕೃತಿ ಚೀಟಿ ಕಳಿಸಿದವರಿಗೆ ವಾಪಸ್ ಬರ್ತಿತ್ತು. 1958ರಿಂದ 1962ರವರೆಗಿನ ಚೀಟಿಗಳು. ಪ್ರತಿ ಸಲ ಹದಿನೈದು ರೂಪಾಯಿ. ಅರಸೀಕೆರೆಯ ವಿಳಾಸ, ಒಬ್ಬ ಹೆಂಗಸಿನ ಹೆಸರು, ಹೆಬ್ಬೆಟ್ಟಿನ ಗುರುತು. ಇವಕ್ಕೆ 0018ರಿಂದ 0028. ನೋಟ್‌ಬುಕ್ಕಿನಲ್ಲಿ ಪಕ್ಕಕ್ಕೆ '0017ರ ಮಡಿಕೆಯೊಳಗೆ ಸಿಕ್ಕಿದ್ದು' ಅಂತ ಬರೆದಿಟ್ಟೆ. ಆ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ದೊಡ್ಡಪ್ಪನ ಮನೆಯಿಂದ ಅವರ ಮದುವೆಯ ಮುಯ್ಯಿ ಪುಸ್ತಕ ಸಿಕ್ತು. 1966ರದ್ದು. ನಂಬರ್ 0143. ಪ್ರತಿ ಸಾಲಿನಲ್ಲೂ ಹೆಸರಿದೆ, ಊರಿದೆ, ಮೊತ್ತ ಇದೆ. ಒಂದು ಸಾಲಿನಲ್ಲಿ ಮಾತ್ರ ಹೆಸರಿಲ್ಲ. 'ಅರಸೀಕೆರೆ, 5 ರೂ., 1 ರವಿಕೆ ಕಣ.' ಅಷ್ಟೇ.

ನೋಟ್‌ಬುಕ್ಕಿನಲ್ಲಿ ಊರಿನ ಕಾಲಂ ನೋಡ್ತಾ ಬಂದ್ರೆ ಅರಸೀಕೆರೆ ಅಂತ ಬಂದಿರೋದು ಎರಡೇ ಕಡೆ. ಅದನ್ನ ಹಿಡ್ಕೊಂಡು ಸೋದರತ್ತೆ ಹತ್ರ ಹೋದೆ. ಅವರಿಗೆ ಆಗ ಎಂಬತ್ತೆರಡು. ಚೀಟಿ ಕೈಯಲ್ಲಿ ಹಿಡ್ಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅರಸೀಕೆರೆ ಅತ್ತೆ ಕಣೇ ಇದು. ಅಪ್ಪನ ಅಕ್ಕ" ಅಂದ್ರು. ಚಿಕ್ಕ ವಯಸ್ಸಲ್ಲೇ ಗಂಡನನ್ನ ಕಳ್ಕೊಂಡು ತವರಿಗೆ ಬಂದಿದ್ದವರು. ಆಮೇಲೆ ಬೇರೆ ಜಾತಿಯವರೊಬ್ಬರನ್ನ ಮದುವೆಯಾಗಿ ಹೋದ್ರಂತೆ. ಅವತ್ತಿನಿಂದ ಅವರ ಹೆಸರನ್ನ ಮನೆಯಲ್ಲಿ ಎತ್ತೋ ಹಾಗಿರಲಿಲ್ಲ. ಪಾಲುಪಟ್ಟಿಯಲ್ಲಿ ಅವರಿಲ್ಲ. ಮುತ್ತಾತ ತೀರಿಕೊಂಡ ಮೇಲೆ ಪೌತಿ ಖಾತೆಗೆ ಕೊಟ್ಟ ವಂಶವೃಕ್ಷದಲ್ಲೂ ಇಲ್ಲ. ಆದ್ರೆ ತಾತ ಪಾಲು ಆದ ಮರುವರ್ಷದಿಂದ ದುಡ್ಡು ಕಳಿಸಿದ್ದಾರೆ, ಚೀಟಿಗಳನ್ನ ಅದೇ ಪಾಲುಪಟ್ಟಿಯ ಒಳಗೆ ಇಟ್ಟಿದ್ದಾರೆ.

ಯಾಕೆ ಅಲ್ಲೇ ಇಟ್ಟರು ಅಂತ ನಾನು ಹೇಳಲಾರೆ. ಅದು ತಾತನಿಗೇ ಗೊತ್ತು. ಆದ್ರೆ ಅಂಚೆ ಚೀಟಿಗಳನ್ನೆಲ್ಲ ಒಂದು ಕವರಿಗೆ, ಜಮೀನಿನ ಕಾಗದಗಳನ್ನೆಲ್ಲ ಇನ್ನೊಂದಕ್ಕೆ ಅಂತ ಬೇರೆ ಮಾಡಿಟ್ಟಿದ್ರೆ, ಅವೆರಡೂ ಒಂದೇ ಮಡಿಕೆಯಲ್ಲಿದ್ದ ವಿಷಯ ಅವತ್ತೇ ಅಳಿಸಿಹೋಗ್ತಿತ್ತು. ಅದನ್ನ ಮತ್ತೆ ಯಾವ ಕಚೇರಿಯಲ್ಲೂ ಅರ್ಜಿ ಹಾಕಿ ಪಡೆಯೋಕಾಗಲ್ಲ. ಪಹಣಿ ಕಳೆದ್ರೆ ನಕಲು ಸಿಗುತ್ತೆ. ಮಡಿಕೆಗೆ ನಕಲಿಲ್ಲ.

ನೋಟ್‌ಬುಕ್

ಎಕ್ಸೆಲ್ ಬೇಕಾದ್ರೆ ಎಕ್ಸೆಲ್, ಗೂಗಲ್ ಶೀಟ್ಸ್ ಬೇಕಾದ್ರೆ ಅದು. ನಾನು ಮೊದಲು ಉದ್ದನೆಯ ರಿಜಿಸ್ಟರ್ ಪುಸ್ತಕದಲ್ಲೇ ಬರೀತೀನಿ, ಆಮೇಲೆ ಫೋನಿಗೆ ಹಾಕ್ತೀನಿ. ಒಂದು ಸಾಲಿಗೆ ಒಂದು ಕಾಗದ. ನಂಬರ್, ಏನು ಕಾಗದ, ಯಾರ ಮನೆಯಿಂದ ಯಾವತ್ತು ಬಂತು, ಮೂಲ ಈಗ ಎಲ್ಲಿದೆ. ಕೊನೆಯದು ಮುಖ್ಯ, ಯಾಕಂದ್ರೆ ಅಸಲು ಕ್ರಯಪತ್ರವನ್ನ ಚಿಕ್ಕಪ್ಪ ನಿಮಗೆ ಕೊಡೋದಿಲ್ಲ, ಕೊಡಲೂಬಾರದು. ನೀವು ಫೋಟೋ ತೆಗೆದು ಅದಕ್ಕೊಂದು ನಂಬರ್ ಕೊಟ್ಟು 'ಮೂಲ: ಚಿಕ್ಕಪ್ಪನ ಬೀರು' ಅಂತ ಬರೆದ್ರೆ ಸಾಕು.

ಆಮೇಲೆ ಹೆಸರುಗಳ ಕಾಲಂ. ಕಾಗದದಲ್ಲಿ ಕಾಣೋ ಪ್ರತಿಯೊಂದು ಹೆಸರನ್ನೂ ಇಲ್ಲಿ ಬರೀಬೇಕು. ಸಾಕ್ಷಿ, ಚಕ್ಕುಬಂದಿಯಲ್ಲಿ ಬರೋ ಪಕ್ಕದ ಜಮೀನಿನವರು, ಬಿಕ್ಕಲಂ, ಎಲ್ಲ. ಬಿನ್ ಅಂದ್ರೆ ಇಂಥವರ ಮಗ, ಕೋಂ ಅಂದ್ರೆ ಇಂಥವರ ಹೆಂಡತಿ, ಅದನ್ನೂ ಇದ್ದ ಹಾಗೇ ಬರೀರಿ. ಸಾಕ್ಷಿ ಹಾಕೋಕೆ ಬಂದವರು ಎಷ್ಟೋ ಸಲ ಭಾವನೋ ಷಡ್ಡಕನೋ ಆಗಿರ್ತಾರೆ. ಹೆಣ್ಣುಮಕ್ಕಳ ಹೆಸರೇ ಇಲ್ಲದ ಪತ್ರದಲ್ಲಿ ಅವರ ಗಂಡಂದಿರು ಸಾಕ್ಷಿಯಾಗಿ ಕೂತಿರ್ತಾರೆ.

ಊರು ಮತ್ತು ತಾರೀಖಿಗೆ ಮಾತ್ರ ಎರಡೆರಡು ಕಾಲಂ ಮಾಡಿ. ಒಂದರಲ್ಲಿ ಕಾಗದದಲ್ಲಿ ಇದ್ದ ಹಾಗೇ, ಇನ್ನೊಂದರಲ್ಲಿ ಈಗಿನ ಲೆಕ್ಕಕ್ಕೆ. ಯಾಕಂದ್ರೆ 1956ರ ನವೆಂಬರ್ 1ಕ್ಕೆ ಮುಂಚೆ ಇವತ್ತಿನ ಕರ್ನಾಟಕ ಬೇರೆ ಬೇರೆ ಆಡಳಿತದಲ್ಲಿತ್ತು: ಮೈಸೂರು, ಮುಂಬೈ, ಹೈದರಾಬಾದ್, ಮದರಾಸು, ಕೊಡಗು. ಒಂದೇ ತರಹದ ಕಾಗದಕ್ಕೆ ಒಂದೊಂದು ಕಡೆ ಒಂದೊಂದು ಹೆಸರು, ಒಂದೊಂದು ನಮೂನೆ. ಬೆಳಗಾವಿ, ಧಾರವಾಡ ಕಡೆಯವರಿಗೆ ಮೋಡಿ ಲಿಪಿಯ ಮರಾಠಿ ಕಾಗದ ಸಿಗಬಹುದು, ಕಲಬುರಗಿ, ಬೀದರ್ ಕಡೆಯವರಿಗೆ ಉರ್ದು. ಓದೋಕೆ ಬರಲ್ಲ ಅಂತ ಪಕ್ಕಕ್ಕಿಡಬೇಡಿ. 'ಓದಿಲ್ಲ, ಉರ್ದು ಇರಬಹುದು' ಅಂತ ಬರೆದು ನಂಬರ್ ಹಾಕಿ. ಓದೋರು ಮುಂದೆ ಸಿಗ್ತಾರೆ.

ಜಿಲ್ಲೆಗಳೂ ಬದಲಾಗಿವೆ. ಉಡುಪಿ, ಗದಗ, ಹಾವೇರಿ, ದಾವಣಗೆರೆ ಜಿಲ್ಲೆಗಳಾದದ್ದು 1997ರಲ್ಲಿ. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ. ನಿಮ್ಮ ಮುತ್ತಜ್ಜಿ ಹುಟ್ಟಿದ್ದು 'ಗದಗ ಜಿಲ್ಲೆ' ಅಂತ ನೀವೇ ತಿದ್ದಿ ಬರೆದ್ರೆ, ಮುಂದೆ ದಾಖಲೆ ಹುಡುಕೋರು ಧಾರವಾಡದ ಕಡೆ ನೋಡೋದೇ ಇಲ್ಲ.

ತಾರೀಖಿನದ್ದು ಇನ್ನೊಂದು ತಮಾಷೆ. ಜಾತಕದಲ್ಲಿ 'ಕ್ರೋಧಿ ಸಂವತ್ಸರ' ಅಂತಷ್ಟೇ ಇದ್ರೆ? ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರ್ತವೆ. ಕ್ರೋಧಿ ಅಂದ್ರೆ 1904-05 ಆಗಬಹುದು, 1964-65 ಆಗಬಹುದು, 2024-25 ಕೂಡ ಅದೇ. ಕಾಗದದಲ್ಲಿರೋ ಉಳಿದ ಹೆಸರುಗಳನ್ನ ನೋಡಿ ತೀರ್ಮಾನ ಮಾಡಬೇಕು. ಹೈದರಾಬಾದ್, ಮದರಾಸು ಕಡೆಯ ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತೆ. ಅದಕ್ಕೆ 590 ಸೇರಿಸಿದ್ರೆ ಹತ್ತಿರದ ಇಸವಿ ಸಿಗುತ್ತೆ: ಫಸಲಿ 1350 ಅಂದ್ರೆ 1940-41. ಇನ್ನು ಶಾಲೆಯ ದಾಖಲೆಯಲ್ಲಿರೋ ಹುಟ್ಟಿದ ದಿನವನ್ನಂತೂ ಕಣ್ಣುಮುಚ್ಚಿ ನಂಬಬೇಡಿ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳೋವಾಗ ವಯಸ್ಸು ಅಂದಾಜು ಮಾಡಿ ಬರೆದ ತಾರೀಖು ಅದು. ನಮ್ಮ ಮನೆಯಲ್ಲಿ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಜೂನ್ 1ನೇ ತಾರೀಖೇ ಹುಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದೇ ಇರ್ತಾರೆ.

ಮನುಷ್ಯರ ನಂಬರ್

ಈಗ ಎರಡನೇ ನಂಬರ್. ಇದಕ್ಕೆ ಯುರೋಪಿನಲ್ಲಿ ಬಹಳ ಹಳೆಯ, ಬಹಳ ಸುಲಭದ ಒಂದು ಕ್ರಮ ಇದೆ. ಆಸ್ಟ್ರಿಯಾದ ಮೈಕೆಲ್ ಐಟ್ಸಿಂಗರ್ 1590ರಲ್ಲಿ ಇದನ್ನ ಬಳಸಿದ, ಸ್ಪೇನಿನ ಜೆರೋನಿಮೊ ದೆ ಸೋಸಾ 1676ರಲ್ಲಿ, ಆಮೇಲೆ ಜರ್ಮನಿಯ ಕೆಕುಲೆ ಫಾನ್ ಸ್ಟ್ರಾಡೋನಿಟ್ಸ್ 1898ರಲ್ಲಿ ಮತ್ತೆ ಪ್ರಚಾರಕ್ಕೆ ತಂದ. ಹೆಸರು ನೆನಪಿಟ್ಟುಕೊಳ್ಳೋದು ಬೇಡ, ಲೆಕ್ಕ ನೆನಪಿಡಿ.

ನೀವು 1. ಯಾರದ್ದೇ ನಂಬರನ್ನ ಎರಡರಿಂದ ಗುಣಿಸಿದ್ರೆ ಅವರ ಅಪ್ಪ, ಅದಕ್ಕೆ ಒಂದು ಸೇರಿಸಿದ್ರೆ ಅವರ ಅಮ್ಮ. ಹಾಗಾದ್ರೆ ನಿಮ್ಮ ಅಪ್ಪ 2, ಅಮ್ಮ 3. ಅಪ್ಪನ ಅಪ್ಪ 4, ಅಪ್ಪನ ಅಮ್ಮ 5. ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ಮುತ್ತಾತ, ಮುತ್ತಜ್ಜಿಯರು 8ರಿಂದ 15. ನಿಮ್ಮನ್ನ ಬಿಟ್ಟು ಸಮಸಂಖ್ಯೆ ಎಲ್ಲ ಗಂಡಸರು, ಬೆಸಸಂಖ್ಯೆ ಎಲ್ಲ ಹೆಂಗಸರು. 13 ಯಾರು ಅಂತ ಕೇಳಿದ್ರೆ ಅರ್ಧ ಮಾಡಿ, ಉಳಿದದ್ದು ಬಿಡಿ: 6. ಮತ್ತೆ ಅರ್ಧ: 3. ಅಂದ್ರೆ ಅಮ್ಮನ ಅಪ್ಪನ ಅಮ್ಮ. ಹೆಸರೇ ಗೊತ್ತಿಲ್ಲದಿದ್ರೂ ಆ ಜಾಗಕ್ಕೆ ನಂಬರ್ ಮೊದಲೇ ಇದೆ.

ಅದೇ ನನಗೆ ಈ ಕ್ರಮದಲ್ಲಿ ಇಷ್ಟ ಆಗೋದು. ನಮ್ಮಲ್ಲಿ ಬರೆಯೋ ವಂಶವೃಕ್ಷಗಳಲ್ಲಿ ಸಾಮಾನ್ಯವಾಗಿ ಮೂಲಪುರುಷ, ಅವರ ಗಂಡುಮಕ್ಕಳು, ಅವರ ಗಂಡುಮಕ್ಕಳು ಅಂತ ಇಳಿದು ಬರುತ್ತೆ. ಹೆಂಗಸರಿದ್ರೆ ಪಕ್ಕದಲ್ಲೊಂದು ಹೆಸರು, ಅಷ್ಟೇ. ಇಲ್ಲಿ ಹಾಗಾಗಲ್ಲ. 5, 7, 9, 11 ಖಾಲಿ ಇದ್ರೆ ಖಾಲಿ ಅಂತ ಕಣ್ಣಿಗೆ ಹೊಡೆಯುತ್ತೆ. ಅಳಿಯಸಂತಾನದ ತುಳುನಾಡಿನವರಿಗೂ ಇದು ಹೊಂದುತ್ತೆ, ಅವರು ತಮ್ಮ ಬಳಿಯನ್ನ ಹಿಡ್ಕೊಂಡು 3, 7, 15 ಅಂತ ತಾಯಿಯ ಸಾಲಿನಲ್ಲೇ ಏರುತ್ತಾ ಹೋಗಬಹುದು.

ಆದ್ರೆ ಯುರೋಪಿನ ಲೆಕ್ಕ ನಮ್ಮ ಮನೆಗಳಲ್ಲಿ ಒಂದು ಕಡೆ ಸಿಕ್ಕಿಹಾಕ್ಕೊಳ್ಳುತ್ತೆ. ಸೋದರಮಾವನನ್ನೇ ಮದುವೆಯಾಗೋದು ನಮ್ಮಲ್ಲಿ ಸಾಮಾನ್ಯ. ನಿಮ್ಮ ಅಮ್ಮ ತನ್ನ ಸೋದರಮಾವನನ್ನ ಮದುವೆಯಾಗಿದ್ದಾರೆ ಅಂತಿಟ್ಕೊಳ್ಳಿ. ಆಗ ನಿಮ್ಮ ಅಪ್ಪ, ನಿಮ್ಮ ಅಮ್ಮಮ್ಮನ ತಮ್ಮ. ಅಪ್ಪನ ಅಪ್ಪ-ಅಮ್ಮ 4 ಮತ್ತು 5. ಅಮ್ಮಮ್ಮ 7, ಅವರ ಅಪ್ಪ-ಅಮ್ಮ 14 ಮತ್ತು 15. ಇಬ್ಬರೂ ಅವರೇ! 4 ಮತ್ತು 14 ಒಬ್ಬರೇ, 5 ಮತ್ತು 15 ಒಬ್ಬರೇ. ಗಾಬರಿ ಬೇಡ. ಚಿಕ್ಕ ನಂಬರನ್ನ ಇಟ್ಕೊಂಡು ದೊಡ್ಡದರ ಎದುರು '4 ನೋಡಿ' ಅಂತ ಬರೆದ್ರೆ ಆಯ್ತು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಈ ಲೆಕ್ಕದಲ್ಲಿ ನೇರ ಹಿರಿಯರಿಗೆ ಮಾತ್ರ ನಂಬರ್. ದೊಡ್ಡಪ್ಪ, ಸೋದರತ್ತೆ, ಮಕ್ಕಳಿಲ್ಲದೆ ತೀರಿಕೊಂಡವರು, ತಾತನ ಮೊದಲ ಹೆಂಡತಿ, ಇವರ್ಯಾರಿಗೂ ಜಾಗ ಇಲ್ಲ. ಹೆರಿಗೆಯಲ್ಲಿ ತೀರಿಕೊಂಡ ಮೊದಲ ಹೆಂಡತಿಯ ಕಥೆ ಇಲ್ಲದ ಮನೆ ಎಷ್ಟಿವೆ ಹೇಳಿ? ನಾನು ಹೀಗೆ ಮಾಡ್ತೀನಿ: ಅಪ್ಪನ ನಂಬರಿನ ಮುಂದೆ ಒಂದು ಅಡ್ಡಗೆರೆ ಹಾಕಿ ಹುಟ್ಟಿದ ಕ್ರಮ. 4ರ ಮಕ್ಕಳು 4-1, 4-2, 4-3. ಅವರ ಮಕ್ಕಳು 4-1-1, ಹೀಗೆ. ತಾತನ ಮೊದಲ ಹೆಂಡತಿಗೆ 4ಅ. ಹೆಸರಿಡೋ ಮುಂಚೆ ಹೋದ ಮಗುವಿಗೂ ಒಂದು ನಂಬರ್ ಕೊಡ್ತೀನಿ, ಗೊತ್ತಾದ್ರೆ. ಅರಸೀಕೆರೆ ಅತ್ತೆ ಈಗ 8-1. ಮುತ್ತಾತನ ಹಿರಿಮಗಳು ಅವರೇ.

ಈಗ ಎರಡನ್ನೂ ಸೇರಿಸೋದು. ನೋಟ್‌ಬುಕ್ಕನ್ನ ಹಿಂದಿನಿಂದ ತಿರುಗಿಸಿ. ಒಬ್ಬೊಬ್ಬರಿಗೆ ಅರ್ಧ ಪುಟ. ಮೇಲೆ ಅವರ ನಂಬರ್, ಗೊತ್ತಿರೋ ಹೆಸರುಗಳೆಲ್ಲ, ಕೆಳಗೆ ಅವರು ಕಾಣಿಸಿಕೊಂಡ ಕಾಗದಗಳ ನಂಬರ್. 8-1ರ ಪುಟದಲ್ಲಿ ಈಗ 0018ರಿಂದ 0028, ಆಮೇಲೆ 0143. ಇದರ ಎದುರು ಚಿಕ್ಕದಾಗಿ ಪ್ರಶ್ನಾರ್ಥಕ ಚಿಹ್ನೆ ಇದೆ, ಯಾಕಂದ್ರೆ ಮುಯ್ಯಿ ಪುಸ್ತಕದಲ್ಲಿ ಊರಿದೆ, ಹೆಸರಿಲ್ಲ. ಅನುಮಾನ ಇದ್ದಲ್ಲಿ ಆ ಚಿಹ್ನೆ ಹಾಕೋದು ಬಿಡಬೇಡಿ. ಸೋದರತ್ತೆ ಬಾಯಿಮಾತಿನಲ್ಲಿ ಹೇಳಿದ್ದನ್ನೂ ಅವತ್ತೇ ಒಂದು ಹಾಳೆಯಲ್ಲಿ ತಾರೀಖು ಹಾಕಿ ಬರೆದು, ಅದಕ್ಕೂ ಕಾಗದದ ಹಾಗೆ ನಂಬರ್ ಕೊಟ್ಟಿದ್ದೀನಿ. ರೆಕಾರ್ಡ್ ಮಾಡಿದ ಆಡಿಯೋಗೂ ಅಷ್ಟೇ.

ನಿಮ್ಮ ಊರಿಗೆ ಹೆಳವರು ಬರ್ತಿದ್ರೆ ಅವರನ್ನ ತಪ್ಪಿಸಿಕೊಳ್ಳಬೇಡಿ. ಎತ್ತು ಹೊಡ್ಕೊಂಡು ಬಂದು ಮನೆ ಮುಂದೆ ನಿಂತು ನಿಮ್ಮ ವಂಶದ ಹೆಸರುಗಳನ್ನ ತಲೆಮಾರಿನ ಮೇಲೆ ತಲೆಮಾರು ಒಪ್ಪಿಸಿ, ಕಾಳುಕಡಿ ಪಡೆದು ಹೋಗೋ ಸಮುದಾಯ ಅದು. ಅವರ ಹತ್ರ ಬರೆದಿಟ್ಟ ಪುಸ್ತಕಗಳೂ ಇರ್ತವೆ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದುಕೊಳ್ಳಿ, ನಿಮ್ಮ ಪಟ್ಟಿಗೆ ಹೊಂದಲಿಲ್ಲ ಅಂತ ತಿದ್ದಬೇಡಿ.

ಕಾಗದ ಕೇಳೋದು ಹೇಗೆ?

ನಂಬರ್ ಹಾಕೋದಕ್ಕಿಂತ ಕಷ್ಟದ ಕೆಲಸ ಇದು. ಹಳೇ ಕಾಗದ ಕೇಳಿದ ತಕ್ಷಣ ಹಿರಿಯರ ಮುಖ ಬದಲಾಗುತ್ತೆ. "ಯಾಕಮ್ಮಾ, ಪಾಲು ಕೇಳೋಕ್ ಬಂದ್ಯಾ?" ಅಂತ ನನಗೇ ನೇರವಾಗಿ ಕೇಳಿದ್ದಾರೆ. ನಗ್ತಾ ಕೇಳಿದ್ರು, ಆದ್ರೆ ತಮಾಷೆಗಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಈ ಭಯ ಜಾಸ್ತಿಯೇ ಆಗಿದೆ. ಹಕ್ಕು ಕೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಬೇರೆ ಕೆಲಸ, ಅದಕ್ಕೆ ವಕೀಲರಿದ್ದಾರೆ. ಎರಡನ್ನೂ ಒಂದೇ ದಿನ ಒಂದೇ ಜಗಲಿಯಲ್ಲಿ ಮಾಡಬೇಡಿ.

ನಾನು ಫೋಟೋಗಳಿಂದ ಶುರು ಮಾಡ್ತೀನಿ. "ಇವರ್ಯಾರು ಅಂತ ನಿಮಗೊಬ್ಬರಿಗೇ ಗೊತ್ತು, ಹೇಳಿ" ಅಂದ್ರೆ ಯಾರೂ ಇಲ್ಲ ಅನ್ನಲ್ಲ. ಅವರೆದುರಿಗೇ ಕಾಗದದ ಫೋಟೋ ತೆಗೆದು ಅಸಲನ್ನ ಅಲ್ಲೇ ವಾಪಸ್ ಕೊಡಿ. ಮನೆಗೆ ತಗೊಂಡು ಹೋಗ್ತೀನಿ ಅನ್ನಬೇಡಿ. ಮುಂದಿನ ಸಲ ಹೋಗುವಾಗ ಒಂದು ಪ್ರಿಂಟ್ ಹಾಕಿಸಿಕೊಂಡು ಹೋಗಿ.

ಮನೆಯಲ್ಲಿ ಸಿಗದಿದ್ದು ಕಚೇರಿಯಲ್ಲಿ ಸಿಗಬಹುದು. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನೋದು ಇರುತ್ತೆ, ಮ್ಯುಟೇಶನ್ ನಂಬರ್ ಸಮೇತ. ಆ ಎಂ.ಆರ್. ನಂಬರ್ ಹಿಡ್ಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿಗೆ ಅರ್ಜಿ ಹಾಕಿದ್ರೆ, ಪೌತಿ ಆಗಿದ್ದರೆ ಯಾರು ತೀರಿಕೊಂಡರು, ವಾರಸುದಾರರು ಅಂತ ಯಾರ್ಯಾರನ್ನ ತೋರಿಸಿದ್ರು ಅನ್ನೋದು ಸಿಗುತ್ತೆ. ಗೇಣಿದಾರರ ಮನೆಯವರಾಗಿದ್ರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂನ್ಯಾಯಮಂಡಳಿಗೆ ಕೊಟ್ಟ 7ನೇ ನಮೂನೆಯ ಅರ್ಜಿಯ ಪ್ರತಿ ಮನೆಯಲ್ಲೇ ಇದ್ದರೂ ಇರಬಹುದು. ಕಚೇರಿಯ ನಕಲಿಗೂ ನಿಮ್ಮ ಸಾಲಿನಲ್ಲೇ ಮುಂದಿನ ನಂಬರ್.

ಇಡೋದು, ಹಂಚೋದು

ಇದನ್ನ ಬೇಗ ಹೇಳಿ ಮುಗಿಸ್ತೀನಿ. ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಕಾಗದ ಹಾಳಾಗುತ್ತೆ, ಮತ್ತೆ ಬಿಡಿಸೋಕೆ ಆಗಲ್ಲ. ಸೆಲ್ಲೋಟೇಪ್ ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರಾನೂ ತಿನ್ನುತ್ತೆ. ಗುಂಡುಪಿನ್ನು, ಸ್ಟೇಪಲ್ ತುಕ್ಕು ಹಿಡೀತವೆ, ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತೆ. ಇವನ್ನೆಲ್ಲ ನಿಧಾನಕ್ಕೆ ತೆಗೀರಿ. ಕಟ್ಟೋಕೆ ಹತ್ತಿಯ ದಾರ ಅಥವಾ ಲಾಡಿ ಸಾಕು. ಅಟ್ಟದಲ್ಲಿ ಬಿಸಿಲು, ಇಲಿ. ನೆಲದಲ್ಲಿ ಥಂಡಿ, ಗೆದ್ದಲು. ಬೀರುವಿನ ನಡು ಖಾನೆ ಒಳ್ಳೇದು. ನುಸಿ ಗುಳಿಗೆಯನ್ನ ಕಾಗದದ ಮೇಲೆ ನೇರವಾಗಿ ಸುರಿಯಬೇಡಿ. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ತೆರೆದು ಗಾಳಿಯಾಡಿಸಿ. ಮಲೆನಾಡು, ಕರಾವಳಿಯವರಿಗೆ ಇದನ್ನ ನಾನು ಹೇಳಿಕೊಡಬೇಕಾಗಿಲ್ಲ.

ಫೋಟೋಗಳನ್ನ ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಸುಮ್ಮನೆ ಫೋಟೋ ಅಂತ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ, ಹಳೇ ಕೈಬರಹ ದೊಡ್ಡದು ಮಾಡಿ ನೋಡಿದ್ರೆ ಬರೀ ಮಸುಕು. ಒಂದು ಪ್ರತಿ ಫೋನಿನಲ್ಲಿ, ಒಂದು ಡ್ರೈವ್‌ನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಬೇರೆ ಊರಲ್ಲಿರೋ ಅಣ್ಣನೋ ಅಕ್ಕನೋ ಯಾರದ್ದಾದ್ರೂ ಮನೆಯಲ್ಲಿ.

ಆದ್ರೆ ಎಲ್ಲವನ್ನೂ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅಲ್ಲಿ ಬದುಕಿರೋರ ಸಹಿ ಇದೆ, ಆಧಾರ್ ನಕಲಿದೆ, ಜಮೀನಿನ ವ್ಯಾಜ್ಯ ಇದೆ, ದತ್ತು ಹೋದ ಮಗುವಿನ ವಿಷಯ ಇದೆ. ನಾನು ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಣ್ಣ ಕಾಲಂ ಇಟ್ಟಿದ್ದೀನಿ, 'ಯಾರಿಗೆ ತೋರಿಸಬಹುದು' ಅಂತ. ಮನಿ ಆರ್ಡರ್ ಚೀಟಿಗಳ ಎದುರು ಅಲ್ಲಿ ಮೊದಲು ಸೋದರತ್ತೆಯ ಹೆಸರೊಂದೇ ಇತ್ತು. ಹೋದ ವರ್ಷ ಅವರೇ "ಎಲ್ಲರಿಗೂ ತೋರಿಸು" ಅಂದ್ರು. ಅವರು ಹೇಳಿದ ತಾರೀಖನ್ನ ಪಕ್ಕದಲ್ಲಿ ಬರೆದುಕೊಂಡು, ಆವತ್ತು ಸಂಜೆ ಕಳಿಸಿದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನೀವು ಯಾವ ಕ್ರಮದಲ್ಲಿ ನಂಬರ್ ಹಾಕಿದ್ದೀರಿ ಅಂತ ಹತ್ತು ಸಾಲಿನಲ್ಲಿ ಬರೆದಿಡಿ. 0017 ಅಂದ್ರೇನು, 8-1 ಅಂದ್ರೇನು, 4ಅ ಅಂದ್ರೇನು. ಮೂವತ್ತು ವರ್ಷ ಆದ ಮೇಲೆ ಅದನ್ನ ತೆರೆಯೋರಿಗೆ ಈ ಪಾಡ್‌ಕಾಸ್ಟ್ ಸಿಗಲಿಕ್ಕಿಲ್ಲ. ಮುಂದಿನ ಸಂಚಿಕೆಯಲ್ಲಿ ಕೈಬರಹದ ಹಳೇ ಪಹಣಿ ಓದೋದು ಹೇಗೆ ಅಂತ ನೋಡೋಣ. ನಿಮ್ಮ ಮನೆಯಲ್ಲಿ ಒಂದಿದ್ರೆ ತೆಗೆದಿಟ್ಕೊಂಡಿರಿ, ನಂಬರ್ ಹಾಕಿ.